ಏಳು ವಾರ

ಹೆಸರಿಟ್ಟವನು ಪಕ್ಕದ ಮನೆಯ ಐಲಿಫ್, ಎಂಟು ವರ್ಷದವನು.
ಏಳು ಹೇಂಟೆ, ಏಳು ವಾರ, ಲೆಕ್ಕ ಸರಿಹೋಯಿತಲ್ಲ ಅಂದ.
ಅಂದಿನಿಂದ ನನ್ನ ಹಿತ್ತಿಲಲ್ಲಿ
ಸೋಮವಾರ ಕೆದಕುತ್ತದೆ, ಮಂಗಳವಾರ ಕುಕ್ಕುತ್ತದೆ,
ಬುಧವಾರಕ್ಕೆ ಎಡಗಾಲು ಸ್ವಲ್ಪ ಕುಂಟು,
ಶನಿವಾರ ಮಹಾ ಜಗಳಗಂಟಿ,
ಭಾನುವಾರ ಯಾರಿಗೂ ಜಾಗ ಬಿಡದೆ
ಮೇಲಿನ ಗಳುವಿನಲ್ಲಿ ಒಬ್ಬಳೇ ಕೂರುತ್ತಾಳೆ.

ಟ್ರೊಮ್ಸೊದಿಂದ ಎರಡು ಫೆರಿ ಬದಲಿಸಿ ಬರುವ ದ್ವೀಪ ಇದು.
ನವೆಂಬರ್ ಕೊನೆಗೆ ಬೆಟ್ಟದ ಹಿಂದೆ ಇಳಿದ ಸೂರ್ಯ
ಮರುದಿನ ಬರಲಿಲ್ಲ.
ಇನ್ನು ಬರುವುದು ಏಳು ವಾರ ಕಳೆದ ಮೇಲೆ.
ನಡುಹಗಲಿಗೆ ಒಂದಿಷ್ಟು ನೀಲಿ,
ಶಾಯಿಯ ದೌತಿ ತೊಳೆದ ನೀರಿನಂಥದು,
ಅದೂ ಚೆಲ್ಲಿಹೋಗುತ್ತದೆ, ಊಟ ಮುಗಿಯುವಷ್ಟರಲ್ಲಿ.

ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮೊಟ್ಟೆಯ ಲೆಕ್ಕ:
ಆರು. ನಾಲ್ಕು. ನಾಲ್ಕು. ಒಂದು.
ಆಮೇಲೆ ಬರೀ ಗೀಟು.

ತಂಗಿ ಬೊರ್ಗಿಲ್ಡ್ ಫೋನಿನಲ್ಲಿ ಅಂದಳು:
ದೀಪ ಹಾಕು. ಹದಿನಾಲ್ಕು ಗಂಟೆ ಬೆಳಕು ಕಂಡರೆ
ಪೆದ್ದು ಕೋಳಿ ಬೇಸಿಗೆ ಬಂತೆಂದು ಇಡುತ್ತದೆ.
ನಾನು ದಿನವಿಡೀ ಫೆರಿಯ ಟ್ಯೂಬ್‌ಲೈಟಿನ ಕೆಳಗೆ
ಟಿಕೆಟ್ ಹರಿಯುವವಳು.
ಆ ಬೆಳಕು ಏನು ಮಾಡುತ್ತದೆಂದು ನನಗೆ ಗೊತ್ತು.
ಹಾಕಲಿಲ್ಲ.
ಹಾಗಾದರೆ ಕುಂಟಿಯನ್ನಾದರೂ ಸಾರು ಮಾಡು, ಅಂದಳು,
ಕಾಳು ತಿನ್ನುವ ಬಾಯಿ ಏಳು, ಮೊಟ್ಟೆ ಸೊನ್ನೆ.
ತಪ್ಪೇನೂ ಹೇಳಲಿಲ್ಲ ಅವಳು.

ಕೊಡಲಿ ಮಸೆಯುತ್ತಿದ್ದೆ.
ವಾರದಲ್ಲೊಂದು ದಿನ ಕಳೆದರೆ ವಾರ ನಿಂತೀತೇ
ಎಂದೇನೂ ಐಲಿಫ್ ಕೇಳಲಿಲ್ಲ.
ಕೊಡಲಿ ನೋಡಿದ, ನನ್ನನ್ನು ನೋಡಿದ,
ಬೂಟಿನ ಹಿಮ ಕೊಡವಿಕೊಂಡು ಮನೆಗೆ ಹೋದ.

ಮರುದಿನ ಬುಧವಾರನ ಹುಲ್ಲಿನಲ್ಲಿ ಒಂದು ಮೊಟ್ಟೆ.

ಬಿಳಿ.
ನನ್ನ ಏಳೂ ಇಡುವುದು ಕಂದು.
ಕಲ್ಲಿನಂತೆ ತಣ್ಣಗಿತ್ತು, ಇರಲಿ, ಇಲ್ಲಿ ಎಲ್ಲವೂ ತಣ್ಣಗೇ.
ಆದರೆ ಬುಡದಲ್ಲಿ ಗುಲಾಬಿ ಬಣ್ಣದ ಒಂದು ಕಲೆ,
ಅಂಗಡಿಯವರು ಒತ್ತಿದ ಅಂಕಿಯನ್ನು
ಯಾರೋ ಒದ್ದೆ ಹೆಬ್ಬೆರಳಿನಿಂದ ಉಜ್ಜಿದಂತೆ.
ತಲೆಗೆ ಕಟ್ಟಿದ ಬ್ಯಾಟರಿಯ ಬೆಳಕಲ್ಲಿ
ಬುಧವಾರ ಒಂದೇ ಕಣ್ಣಿನಿಂದ ನನ್ನನ್ನು ನೋಡಿತು,
ಇಟ್ಟವಳು ತಾನೇ ಎಂಬ ಗತ್ತಿನಲ್ಲಿ.

ಮೂರು ದಿನಕ್ಕೆ ಇನ್ನೊಂದು. ನಾಲ್ಕು ದಿನಕ್ಕೆ ಮತ್ತೊಂದು,
ಅದು ಶುಕ್ರವಾರನ ಮೂಲೆಯಲ್ಲಿ:
ಹುಡುಗ ಯೋಚನೆ ಮಾಡುವವನು.

ಫೆರಿಯಲ್ಲಿ ಅವನ ತಾಯಿ ತೊರುನ್ ಗೊಣಗಿದಳು,
ಈಗೀಗ ಡಜನ್ ಅಂದರೆ ಹತ್ತೇ ಇರುತ್ತದೆ ಕಣೇ,
ಭಾನುವಾರದ ಪ್ಯಾನ್‌ಕೇಕಿಗೂ ಸಾಲದು.
ಕಾಲ ಕೆಟ್ಟಿದೆ, ಅಂದೆ,
ಟಿಕೆಟ್ ಹರಿದುಕೊಟ್ಟೆ.
ಬೊರ್ಗಿಲ್ಡ್‌ಗೆ ಹೇಳಿದೆ: ಬುಧವಾರ ಇಡುತ್ತಿದೆ.
ಕ್ಯಾಲೆಂಡರಿನಲ್ಲಿ ಒಂದು ಎಂದು ಬರೆದೆ.
ಕೊಡಲಿ ಬರ್ಚ್ ಸೌದೆಯ ಕಡೆಗೆ ಮರಳಿತು.

ಜನವರಿಯ ನಡುವಿನಲ್ಲಿ ಶಾಲೆಗೆ ಅರ್ಧ ದಿನ ರಜೆ.
ಜಾಮ್ ತುಂಬಿದ ಬನ್ನು ಹಿಡಿದು ಊರೆಲ್ಲ ದಿಬ್ಬದ ಮೇಲೆ.
ನಾಲ್ಕೇ ನಿಮಿಷ ಬಂದು ಹೋದ.
ಮೊಟ್ಟೆಯ ಹಳದಿಯಂತಿದ್ದಾನೆ, ಎಂದರು ಯಾರೋ.
ಪ್ರತಿ ವರ್ಷ ಯಾರಾದರೊಬ್ಬರು ಅನ್ನುತ್ತಾರೆ.
ಐಲಿಫ್ ಮಾತ್ರ ನನ್ನ ಮುಖ ನೋಡುತ್ತಿದ್ದ,
ಬಾಯಿತುಂಬ ಬನ್ನು.

ಫೆಬ್ರವರಿಯಲ್ಲಿ ಕಂದು ಮೊಟ್ಟೆ, ಅಂಗೈಗೆ ಬಿಸಿ,
ಸಿಪ್ಪೆಯ ಮೇಲೆ ರಕ್ತದ ಎಳೆ. ಸೋಮವಾರನದು.
ಆಮೇಲೆ ಗುರುವಾರ, ಆಮೇಲೆ ಜಗಳಗಂಟಿ.
ಆರು ಕೂಡಿಸಿ ತೊರುನ್‌ಳ ಮೆಟ್ಟಿಲ ಮೇಲಿಟ್ಟು ಬಂದೆ.
ಇಡುವ ಮೊದಲು ಒಂದರ ಬುಡಕ್ಕೆ
ಗುಲಾಬಿ ಪೆನ್ಸಿಲಿನಲ್ಲಿ ಏನೋ ಅಂಕಿ ಗೀಚಿ
ಹೆಬ್ಬೆರಳು ಒದ್ದೆ ಮಾಡಿ ಉಜ್ಜಿದ್ದೆ.

ಬುಧವಾರ ಇನ್ನೂ ಇಟ್ಟಿಲ್ಲ. ಇಡುವ ಸೂಚನೆಯೂ ಇಲ್ಲ.
ಬೆಳಗ್ಗೆ ಪೆಟ್ಟಿಗೆಯೊಳಗೆ ಅರ್ಧ ಗಂಟೆ ಕೂರುತ್ತದೆ.
ಏಳು, ಬುಧವಾರ, ಏಳು, ಅನ್ನುತ್ತೇನೆ.
ಏಳುತ್ತದೆ, ಬರಿದಾದ ಹುಲ್ಲನ್ನೊಮ್ಮೆ ನೋಡುತ್ತದೆ,
ಕುಂಟುತ್ತ ಬಾಗಿಲಿಗೆ ಬಂದು
ಕೊಲ್ಲಿಯಾಚೆಗೂ ಕೇಳುವಂತೆ ಸಾರುತ್ತದೆ.