ನಾಲ್ಕು ಡಿಗ್ರಿ

ಡಿಸೆಂಬರಿಗೆ ಹೋಗಿ, ಅಂತಾರೆ ಎಲ್ಲರೂ.
ಟ್ರಾವೆಲ್ಸಿನ ಹುಡುಗ ಕ್ಯಾಲೆಂಡರಿನ ಮೇಲೆ
ಅಕ್ಟೋಬರಿನಿಂದ ಮಾರ್ಚಿಗೆ ಒಂದು ಗೀಟು ಎಳೆದ:
'ಇದರ ಆಚೆ ಹೋದರೆ ಸುಟ್ಟು ಕರಕಲು, ಸಾರ್.
ಮೇ ತಿಂಗಳಲ್ಲಿ ಅಲ್ಲಿ ಒಂಟೆಗೂ ನೆರಳು ಬೇಕು.'
ಕರಕಲು ಅಂದರೆ ಎಷ್ಟು, ಕೇಳಿದೆ.
ನಲವತ್ತೇಳು, ಅಂದ.
ಮಂಕಿ ಕ್ಯಾಪನ್ನು ಕಿವಿಯಿಂದ ಮೇಲೆತ್ತಿ
ಇನ್ನೊಮ್ಮೆ ಹೇಳಿಸಿಕೊಂಡೆ,
ಲಾಟರಿಯ ನಂಬರು ಕೇಳಿಸಿಕೊಂಡ ಹಾಗೆ.

ಹತ್ತೊಂಬತ್ತು ವರ್ಷ.
ಹಾಸನದ ಹೊರಗೆ, ಹೊಳೆನರಸೀಪುರದ ರಸ್ತೆಯಲ್ಲಿ,
ಕಿಟಕಿಯೇ ಇಲ್ಲದ ಬಿಳಿ ಕಟ್ಟಡದೊಳಗೆ
ಬಿತ್ತನೆ ಆಲೂಗಡ್ಡೆಯ ನಿದ್ದೆ ಕಾಯುವುದು ನನ್ನ ಕೆಲಸ.
ಬೆಚ್ಚಗಾದರೆ ಅದಕ್ಕೆ ಎಚ್ಚರ, ಎಚ್ಚರವಾದರೆ ಮೊಳಕೆ,
ಹೊತ್ತಿಗೆ ಮುಂಚೆ ಮೊಳೆತರೆ ಓನರಿಗೆ ನಷ್ಟ, ನನಗೆ ಬೈಗುಳ.
ಎರಡು ಗಂಟೆಗೊಮ್ಮೆ ಒಳಗೆ ಹೋಗಿ
ಮುಳ್ಳು ನೋಡಿ ಬರೆಯುತ್ತೇನೆ: ನಾಲ್ಕು. ನಾಲ್ಕು. ನಾಲ್ಕು.
ಐದೂವರೆ ಬರೆದ ಒಂದೇ ಒಂದು ದಿನ
ರಾತ್ರಿಯಿಡೀ ಕಂಪ್ರೆಸರಿನ ಪಕ್ಕ ಕೂತಿದ್ದೆ,
ಜ್ವರದ ಮಗುವಿನ ಪಕ್ಕ ಕೂತ ಹಾಗೆ.

ಮೊಣಕಾಲು ಈಗ ನನ್ನ ಮಾತು ಕೇಳುವುದಿಲ್ಲ.
ಬೆಂಕಿಕಡ್ಡಿಯ ಉರಿ ಬೆರಳ ತುದಿಗೆ ತಡವಾಗಿ ತಲುಪುತ್ತದೆ,
ಮನಿಯಾರ್ಡರಿನಂತೆ.
ಬಿಸಿಲಲ್ಲಿ ಕೂತುಕೊಳ್ಳಿ, ಅಂದರು ಡಾಕ್ಟರು.
ಹಾಸನದ ಬಿಸಿಲು!
ಅದು ಸಾಲ ತಗೊಂಡವನ ಹಾಗೆ,
ಮುಖ ತೋರಿಸಿದ್ದೇ ಮೋಡದ ಸಂದಿಗೆ ಸರಿದುಬಿಡುತ್ತದೆ.

ಭಂವರ್‌ಲಾಲ್ ಲಾರಿಯವನು, ಊರು ಬಿಕಾನೇರ್.
ವರ್ಷಕ್ಕೊಮ್ಮೆ, ಸಂಕ್ರಾಂತಿಯ ಆಚೆ ಈಚೆ,
ಜಲಂಧರಿನಿಂದ ಬೀಜದ ಮೂಟೆ ತರುತ್ತಾನೆ.
ಅವನ ಹಿಂದಿ ನನಗೆ ಅರ್ಧ, ನನ್ನ ಹಿಂದಿ ಅವನಿಗೆ ಕಾಲು,
ಉಳಿದದ್ದನ್ನು ಟೀಯಲ್ಲಿ ತುಂಬಿಕೊಳ್ಳುತ್ತೇವೆ.
'ನಿಮ್ಮೂರಿಗೆ ಯಾವಾಗ ಬರಲಿ?'
'ಪುಷ್ಯದಲ್ಲಿ ಬಾ. ಎಲ್ಲರೂ ಆಗಲೇ ಬರೋದು.
ಕೋಟೆ ಹತ್ತಬಹುದು. ರಾತ್ರಿ ಮಾತ್ರ ರಜಾಯಿ ಬೇಕು.'
ರಜಾಯಿ ಯಾಕೆ?
ಅವನು ನಾಲ್ಕು ಬೆರಳು ತೋರಿಸಿದ.

ನಾಲ್ಕು!
ಅರಸೀಕೆರೆಯಲ್ಲಿ ರೈಲು ಹತ್ತಿ
ಎರಡು ರಾತ್ರಿ ಮಗ್ಗುಲು ಬದಲಾಯಿಸಿ
ದಾರಿಯುದ್ದ ಅದೇ ಆಲೂಗಡ್ಡೆ ಪಲ್ಯ ತಿಂದು
ದೇಶದ ಆ ತುದಿಯಲ್ಲಿ ಇಳಿಯುವುದು
ನಮ್ಮ ಎರಡನೇ ಚೇಂಬರಿಗೇ?

ಜಯಶೀಲ ಆಗಲೇ ಸ್ವೆಟರು ಶುರು ಮಾಡಿದ್ದಾಳೆ,
ಮರಳಿನ ಫೋಟೊದಲ್ಲಿ ಎದ್ದು ಕಾಣಲಿ ಅಂತ ಕೆಂಪು ಉಲ್ಲನ್.
ಮದುವೆಯ ಹೊಸತರಲ್ಲಿ ನನ್ನ ಕೈ ತಾಗಿ
'ಅಯ್ಯಪ್ಪಾ' ಅಂತ ಹಿಂದೆ ಸರಿದವಳು
ಈಗ ಸರಿಯುವುದಿಲ್ಲ.
ಮೊದಲೇ ಬಿಸಿನೀರಿನ ಲೋಟ ಹಿಡಿಸಿಬಿಡುತ್ತಾಳೆ.

ಹಾಗಾದರೆ ಬಿಸಿ ಯಾವಾಗ? ಪಟ್ಟು ಬಿಡಲಿಲ್ಲ ನಾನು.
ಭಂವರ್‌ಲಾಲ್ ನಕ್ಕ. ಆಮೇಲೆ ನಗಲಿಲ್ಲ.
'ಜ್ಯೇಷ್ಠದಲ್ಲಿ. ಲೂ ಬೀಸುತ್ತೆ.
ಮಧ್ಯಾಹ್ನ ಊರಿಗೆ ಊರೇ ಬಾಗಿಲು ಹಾಕಿಕೊಳ್ಳುತ್ತೆ.
ಅಮ್ಮ ಗಡಿಗೆಗೆ ಒದ್ದೆ ಬಟ್ಟೆ ಸುತ್ತಿ
ಆಗಾಗ ಮುಟ್ಟಿ ನೋಡ್ತಾಳೆ, ಇನ್ನೂ ತಂಪಿದೆಯಾ ಅಂತ.'
ಅಂದವನು, ಮೂಟೆ ಎಣಿಸುವ ನೆಪ ಹೂಡಿ
ಚೇಂಬರಿನೊಳಗೆ ಹೋಗಿ ನಿಂತ.
ಕಣ್ಣು ಮುಚ್ಚಿಕೊಂಡಿದ್ದ.
ನಾನು ಕರೆಯಲಿಲ್ಲ.

ಆದರೆ ಮೇ ಅಂದರೆ ನನಗೆ ರಜ ಎಲ್ಲಿ?
ಒಂದು ಹದಮಳೆ ಬಿದ್ದದ್ದೇ ತಡ
ಗೇಟಿನಿಂದ ರಸ್ತೆಯ ತಿರುವಿನವರೆಗೆ ಟ್ರ್ಯಾಕ್ಟರು.
ಅಲ್ಲಿ ಬಾಗಿಲು ಹಾಕಿಕೊಳ್ಳುವ ಹೊತ್ತಿಗೇ
ಇಲ್ಲಿ ಬಾಗಿಲು ತೆಗೆಯಬೇಕು.
ಕೊನೆಯ ಮೂಟೆ ಆಚೆ ಹೋಗುವುದು ಜೂನ್ ಹತ್ತಕ್ಕೋ ಹನ್ನೊಂದಕ್ಕೋ.
ಅಷ್ಟರಲ್ಲಿ ಲೂ ಮುಗಿದಿರುತ್ತದಾ?
ಫೋನು ಮಾಡಿ ಕೇಳಿದೆ. ಅವನು ಏನೂ ಹೇಳದೆ
ಫೋನನ್ನು ಕಿಟಕಿಯಾಚೆ ಹಿಡಿದ.
ನಮ್ಮ ಬ್ಲೋವರಿನದೇ ಸದ್ದು.
ಕಿವಿ ಬೆಚ್ಚಗಾಯಿತು.
ಫೋನಿನದೇ ಬಿಸಿ ಇದ್ದರೂ ಇರಬಹುದು.

ಜೂನ್ ಹನ್ನೆರಡಕ್ಕೆ ಎರಡು ಟಿಕೆಟು.
ಎಸಿ ಖಾಲಿ ಇದೆ, ಅಂದರು ಕೌಂಟರಿನಲ್ಲಿ.
ಬೇಡ, ಅಂದೆ.
ಕನ್ನಡಕದ ಮೇಲಿಂದ ಒಮ್ಮೆ ನೋಡಿದರು.

ಜಯಶೀಲಳಿಗೆ ಇನ್ನೂ ಹೇಳಿಲ್ಲ.
ಎಡತೋಳು ಮುಗಿದಿದೆ,
ಬಲದ್ದು ಮೊಣಕೈವರೆಗೆ ಬಂದಿದೆ.