ಗೋಡೆಯಾಚೆಯ ಹೇರಳೆ

ಎರಡು ವರ್ಷ ಎಂಟು ತಿಂಗಳಾಯಿತು
ಕೆಂಪಾಜಮ್ಮನಿಗೂ ನನಗೂ ಮಾತು ನಿಂತು.
ಕಾರಣ ಹೇಳಿದರೆ ನಗುತ್ತೀರಿ:
ಮೂರು ಇಂಚಿನ ಪೈಪು,
ಅವಳ ತುಳಸಿಕಟ್ಟೆಯತ್ತ ಹರಿದ
ನಮ್ಮ ಬಚ್ಚಲ ನೀರು.
ಪೈಪು ತಿರುಗಿಸಿದೆವು. ಮುಖ ತಿರುಗಲಿಲ್ಲ.

ಅವಳ ಹೇರಳೆ ಮರಕ್ಕೆ ಮಾತ್ರ
ಈ ವ್ಯಾಜ್ಯ ಯಾರೂ ಹೇಳಿಲ್ಲ.
ಗೋಡೆಯ ಮೇಲೆ ಮೊಳಕೈ ಊರಿ
ನಮ್ಮಂಗಳಕ್ಕೆ ಕಾಯಿ ಉದುರಿಸುತ್ತದೆ,
ರಾತ್ರಿ ಹೊತ್ತು, ದೊಪ್ಪೆಂದು.
ಬೆಳಿಗ್ಗೆ ಎತ್ತಿ ಗೋಡೆಯ ಮೇಲಿಡುತ್ತೇನೆ.
ಸಂಜೆಗೆ ಇರುವುದಿಲ್ಲ.
ಅಷ್ಟೇ ನಮ್ಮ ವ್ಯವಹಾರ.

ಶುಕ್ರವಾರ ನನ್ನ ಕೊನೆಯ ದಿನ
ಕಾಲೇಜಿನ ಕೆಮಿಸ್ಟ್ರಿ ಲ್ಯಾಬಿನಲ್ಲಿ.
ಮೂವತ್ತೊಂದು ವರ್ಷ ಪಿಪೆಟ್ಟು ಬ್ಯೂರೆಟ್ಟು ತೊಳೆದ ಕೈಗೆ
ಒಂದು ಶಾಲು, ಒಂದು ಗೋಡೆ ಗಡಿಯಾರ,
ಕಾಗದದ ಡಬ್ಬಿಯಲ್ಲಿ ಎರಡು ಆರಿದ ಬೋಂಡ.
ಶನಿವಾರ ಎದ್ದೆ. ಎಲ್ಲಿಗೂ ಹೋಗಬೇಕಿರಲಿಲ್ಲ.
ರಾತ್ರಿ ಬಿದ್ದಿದ್ದ ಎರಡು ಹೇರಳೆಯನ್ನು
ಅವತ್ತು ಗೋಡೆಯ ಮೇಲಿಡಲಿಲ್ಲ.

ಕೇಕು ಕಲಿಸಿದವಳು ಅಗ್ನೇಸಮ್ಮ,
ಗುತ್ತಲು ರಸ್ತೆಯ ಬಾಡಿಗೆ ಮನೆಯಲ್ಲಿ, ಓವನ್ನಿಲ್ಲದ ಕಾಲಕ್ಕೆ.
ಕುಕ್ಕರಿನ ತಳಕ್ಕೆ ಎರಡು ಮುಷ್ಟಿ ಹೊಳೆಮರಳು,
ಸೀಟಿ ತೆಗೆದಿಡು, ರಬ್ಬರು ತೆಗೆದಿಡು,
'ಅವಸರಾನೂ ತೆಗೆದಿಡವ್ವ' ಅನ್ನುತ್ತಿದ್ದಳು.
ಮರಳು ಕಾಯುವ ತನಕ ಸೊಸೆಯ ದೂರು ಹೇಳಬೇಕು;
ಅದೇ ಅವಳ ಗಡಿಯಾರ.

ನಾನು ಲ್ಯಾಬಿನವಳು, ಅಳತೆ ಬಿಡಲಾರೆ.
ಮೈದಾ ಇನ್ನೂರೈವತ್ತು ಗ್ರಾಂ,
ಕಿತ್ತಳೆ ರಸದಲ್ಲಿ ಉಬ್ಬಿದ ಒಣದ್ರಾಕ್ಷಿ,
ಸಕ್ಕರೆಯಲ್ಲಿ ಬೆಂದ ಪರಂಗಿ ಚೂರು,
ನೀರು ಹಿಂಗಿಸಿದ ಅನಾನಸು,
ಮೊಟ್ಟೆ ನಾಲ್ಕು,
ಮೊದಲನೆಯದನ್ನು ಬಟ್ಟಲಂಚಿಗೆ ತಾಕಿಸಹೋದ ಕೈ
ಅಲ್ಲೇ ನಿಂತಿತು.
ಶನಿವಾರ ತಿಮ್ಮಪ್ಪನ ವಾರ.
ಕೆಂಪಾಜಮ್ಮ ಮೊಟ್ಟೆ ಮುಟ್ಟುವುದಿಲ್ಲ.
ಅವಳ ಲೆಕ್ಕ ನನಗ್ಯಾಕೆ ಬಂತೋ!
ಮೊಟ್ಟೆ ವಾಪಸು ಡಬ್ಬಿಗೆ.
ಮೊಸರಿಗೆ ಚಿಟಿಕೆ ಅಡುಗೆ ಸೋಡ ಬಿದ್ದು
ನೊರೆ ಎದ್ದಿತು, ಹಳೆಯ ಪರಿಚಯದವರ ಹಾಗೆ.

ಉಳಿದ ಮೊಸರನ್ನು ಪಂಚೆ ಬಟ್ಟೆಯಲ್ಲಿ ಕಟ್ಟಿ
ನಲ್ಲಿಗೆ ನೇತುಹಾಕಿದೆ.
ಟಪ್. ಟಪ್.
ಯಾವ ಹನಿಗೆ ಬಣ್ಣ ತಿರುಗುತ್ತದೋ ಎಂದು
ಅಭ್ಯಾಸಬಲದಿಂದ ಕಾಯುತ್ತ ಕೂತಿದ್ದೆ.
ಅರ್ಧ ಗಂಟೆ ಕಳೆದ ಮೇಲೆ ನಗು ಬಂತು.

ಹೇರಳೆ ತುರಿಯುವಾಗ ಕೈ ಹಗುರಿರಬೇಕು.
ಮೇಲಿನ ಹಸಿರಷ್ಟೇ ನಮ್ಮದು;
ಒಳಗಿನ ಬಿಳಿಗೆ ತಾಕಿತೋ, ಕಹಿ.
ಒಂದು ಕಡೆ ತಾಕಿಸಿಯೇಬಿಟ್ಟೆ.
ಗಟ್ಟಿ ಮೊಸರು, ಪುಡಿಸಕ್ಕರೆ, ಆ ಹಸಿರು,
ನಾಲ್ಕು ಚಮಚ ರಸ:
ನಾಲಿಗೆಗೆ ಬೆಳಗಿನ ಜಾವದ ಹಾಗೆ ತಣ್ಣಗೆ.

ಕುಕ್ಕರು ಚಿಕ್ಕದು, ಪದರ ಮೂರು, ಬೇಯಿಸಿದ್ದೂ ಮೂರು ಸಲ.
ಎರಡನೆಯದರ ತಳ ಸೀದು ಚಾಕುವಿನಲ್ಲಿ ಹೆರೆದೆ.
ಮೂರನೆಯದು ವಾಲಿತು.
ಹೊಸ ಪೊರಕೆಯ ಎರಡು ಕಡ್ಡಿ ತೊಳೆದು ಚುಚ್ಚಿ ನಿಲ್ಲಿಸಿದೆ.
ನಮ್ಮವರು ಇಣುಕಿ, 'ಕಟ್ಟಡಕ್ಕೆ ನಗರಸಭೆ ಲೈಸೆನ್ಸು ತಗೊಂಡ್ಯಾ?' ಎಂದರು.

ಕಾರ್ಖಾನೆ ಕಬ್ಬು ಅರೆಯುವ ದಿನಗಳು;
ಮಂಡ್ಯವೆಲ್ಲ ಹುಳಿತ ಬೆಲ್ಲದ ವಾಸನೆ.
ಅದನ್ನು ಸೀಳಿಕೊಂಡು ಹೇರಳೆಯ ಘಮ
ಗೋಡೆ ದಾಟಿ ಹೋಯಿತು,
ತನ್ನ ಮರಕ್ಕೆ.

ದೊಡ್ಡದೊಂದು ತುಂಡು, ಸ್ಟೀಲು ತಟ್ಟೆ,
ಅಳಿಲು ಮುಟ್ಟದಂತೆ ಮೇಲೊಂದು ಬುಟ್ಟಿ.
ಕಾಯಿ ಇಡುವ ಜಾಗದಲ್ಲೇ ಇಟ್ಟು ಬಂದೆ.
ಕಿಟಕಿಯಿಂದ ನೋಡಲಿಲ್ಲ ಅಂದರೆ ಸುಳ್ಳು.

ಭಾನುವಾರ ತಟ್ಟೆ ವಾಪಸು ಬಂದಿತ್ತು, ತೊಳೆದು.
ಬರಿದಾಗಿ ಕೊಡಬಾರದಲ್ಲ, ನಡುವೆ
ಒಂದು ಹಿಡಿ ಸಕ್ಕರೆ.
ಆಚೆಯಿಂದ ಪೊರಕೆಯ ಸದ್ದಿನ ಜೊತೆ
ನನಗಲ್ಲ, ಬೆಕ್ಕಿಗೋ ಮರಕ್ಕೋ ಹೇಳಿದ ಹಾಗೆ ಗಟ್ಟಿಯಾಗಿ:
'ಮಂಡ್ಯದಲ್ಲಿದ್ಕಂಡು ಸಕ್ಕರೆಗೆ
ಜಿಪುಣತನ ಮಾಡ್ತರಲ್ಲಪ್ಪ ಜನ!'

ನಾನೂ ನನ್ನ ಬಕೆಟ್ಟಿಗೆ ಹೇಳಿದೆ:
'ಹೇರಳೆ ಹುಳಿಯಾದ್ರೆ ಮಾಡಿದವಳೇನು ಮಾಡ್ತಾಳೆ?'

ಪೊರಕೆಯ ಸದ್ದು
ಒಂದು ಗಳಿಗೆ ನಿಂತು
ಮತ್ತೆ ಗುಡಿಸತೊಡಗಿತು.