ಬೆಳ್ಮಣ್ ಕೋರೆಯ ಲೆಕ್ಕಪುಸ್ತಕ

ಕಲ್ಲು ಎಣಿಸುವುದು ನನ್ನ ಕೆಲಸ.
ನಾಲ್ಕು ಗೀಟು, ಅಡ್ಡಕ್ಕೊಂದು;
ಒಡೆದದ್ದಕ್ಕೆ ಬೇರೆ ಪುಟ.
ಆಟಿಯಲ್ಲಿ ಕೋರೆಗೆ ರಜೆ, ರೈಟರನಿಗೂ.
ಮೆಷಿನ್ನಿನ ಗರಗಸಕ್ಕೆ ಟರ್ಪಾಲು ಹೊದೆಸಿ
ಹೊಂಡವನ್ನು ಮಳೆಗೆ ಒಪ್ಪಿಸಿ ಬಂದಿದ್ದೆವು.

ಸೋಣದಲ್ಲಿ ಕಾವಲಿಗೆ ಹೋದ ರಾತ್ರಿ
ಕತ್ತಲಲ್ಲಿ ಯಾರೋ ಕಲ್ಲು ಕಡಿಯುತ್ತಿದ್ದರು.
ಟಕ್. ಟಕ್‌ಟಕ್. ಟಕ್.
ಮೆಷಿನ್ನು ಬರುವ ಮೊದಲು
ಹಮ್ಮಬ್ಬ ಬ್ಯಾರಿಯ ಕೊಡಲಿ ಹೀಗೇ ಬೀಳುತ್ತಿತ್ತು,
ಮೂರು ಪೆಟ್ಟು, ಒಂದು ಉಸಿರು.
ಅವರು ತೀರಿಕೊಂಡು ಒಂಬತ್ತು ವರ್ಷ.
ಟಾರ್ಚು ಹಿಡಿದೆ. ಕೈ ನಡುಗಿತು, ಸುಳ್ಳೇಕೆ?

ಹೊಂಡಕ್ಕೆ ಬಾಗಿದ ಗೇರುಮರದ ಗೆಲ್ಲಿನಲ್ಲಿ
ಹೆಬ್ಬೆರಳುದ್ದದ ಮರಗಪ್ಪೆ.
ಮೈಗೆ ಮುರಕಲ್ಲಿನ ಬಣ್ಣ,
ಬೆರಳ ತುದಿಗೊಂದೊಂದು ಅಂಗಿಗುಂಡಿ,
ತೊಡೆಯ ಹಿಂದೆ ಹಳದಿ ಚುಕ್ಕೆ,
ಹಾರುವಾಗಷ್ಟೇ ಕಾಣುವಂಥದ್ದು.

ಇದರ ಪರಿಚಯ ನನಗುಂಟು.
ಪಗ್ಗು, ಬೇಶ, ಎರಡು ತಿಂಗಳೂ
ನಮ್ಮನೆ ಮೀಟರ್ ಡಬ್ಬದ ಹಿಂದೆ
ಕೈಕಾಲು ಮಡಚಿ, ಕಣ್ಣು ಮುಚ್ಚಿ
ಬಿಲ್ಲು ಕಟ್ಟದವನ ಹಾಗೆ ಅಡಗಿ ಕೂತಿತ್ತು.
ಇದೇ ಎಂದಲ್ಲ, ಇದರ ಜಾತಿ.
ಮೀಟರ್ ಓದುವ ಪ್ರೆಸಿಲ್ಲಾ ಮೊದಲ ಸಲ ಚೀರಿದಳು,
ಮರುತಿಂಗಳು ಬಂದವಳೇ
"ಉಂಟಾ ಇನ್ನೂ?" ಎಂದಳು.

ಹೆಣ್ಣು ಬಂತು, ಬೆನ್ನಿಗೆ ಗಂಡನ್ನು ಹೊತ್ತು.
ಹಿಂಗಾಲಲ್ಲಿ ಕಡೆಯತೊಡಗಿತು.
ಕಡೆದೂ ಕಡೆದೂ ನೊರೆ ಎದ್ದು, ಉಬ್ಬಿ,
ಎರಡು ಎಲೆಗಳನ್ನು ಅಂಟಿಸಿಕೊಂಡು
ನೀರಿನ ಮೇಲೆ ನೇತು ನಿಂತಿತು.
ಬೆಳಗಾಗುವಾಗ ಹೊರಗೆ ಗಟ್ಟಿ ಸಿಪ್ಪೆ.
ಒಳಗೇನೋ ನನಗೆ ತಿಳಿಯದು.

ಅವತ್ತೇ ಧಣಿಯ ಫೋನು:
ಬಿಸಿಲು ಬಂತಲ್ಲ, ಪಂಪು ಇಡಿ.
ಇಟ್ಟೆವು. ಎರಡು ದಿನದಲ್ಲಿ ತಳ ಕಂಡಿತು.
ಗೂಡು ಮಾತ್ರ ಮೇಲೆ,
ಕೆಳಗೆ ನೀರುಂಟೆಂಬ ಮಾತು ನಂಬಿಕೊಂಡು.

ಪೇಂಟಿನ ಖಾಲಿ ಬಕೆಟು ತುಂಬಿಸಿ
ಅಂದಾಜಿಗೆ ಅಡಿಯಲ್ಲಿಟ್ಟೆ.
ಮೇಸ್ತ್ರಿಯ ತೂಗುಗುಂಡು ಇಳಿಬಿಟ್ಟು ನೋಡಿದರೆ
ಒಂದು ಗೇಣು ಆಚೆ. ಸರಿಸಿದೆ.
ಗಾಳಿ ಬಂದರೆ? ಇನ್ನೊಂದು ಬಕೆಟು.
ಲಾರಿಯ ಸಂಜೀವ ನಕ್ಕ: "ರೈಟರೇ, ಬಾಣಂತನವಾ?"
ಮರುದಿನ ನೋಡಿದರೆ
ಆ ಮೂಲೆ ಬಿಟ್ಟು ರಿವರ್ಸ್ ತೆಗೆಯುತ್ತಿದ್ದ.

ನಾಲ್ಕನೇ ರಾತ್ರಿ ಹನಿಮಳೆ.
ಸಿಪ್ಪೆ ಮೆತ್ತಗಾಗಿ ಮೊದಲನೆಯದು ಬಿತ್ತು,
ಒಂದು ಅಲ್ಪವಿರಾಮ, ಬಾಲ ಸಮೇತ.
ಅಭ್ಯಾಸಬಲ, ಪೆನ್ನು ತೆಗೆದೆ.
ನಾಲ್ಕು ಗೀಟು, ಅಡ್ಡಕ್ಕೊಂದು.
ನಾಲ್ಕು ಗೀಟು, ಅಡ್ಡಕ್ಕೊಂದು.
ನೂರಾ ಎಂಬತ್ತರವರೆಗೆ ಲೆಕ್ಕ ಸಿಕ್ಕಿತು,
ಮತ್ತೆ ಕಾಗದ ಒದ್ದೆಯಾಗಿ ಶಾಯಿ ಹರಿಯಿತು.
ಬಕೆಟಿನ ಹೊರಗೆ ಎಷ್ಟೋ.
ಆ ಪುಟ ತೆರೆಯಲಿಲ್ಲ.

ತಿಂಗಳ ಕೊನೆಗೆ ಧಣಿ ಪುಸ್ತಕ ತಿರುವಿ ಕೇಳಿದರು:
"ಇದು ಯಾವ ಲೋಡು? ಲಾರಿ ನಂಬರೇ ಇಲ್ಲ?"
ಹಮ್ಮಬ್ಬರ ಹಳೇ ಬಾಕಿ, ಎಂದೆ.